ಬಾಳಿಕೆಯ ಪ್ರಶ್ನೆ: ಸ್ಮಾರ್ಟ್‌ಫೋನು ಮತ್ತು ಹಳೆಯ ಇಂಗ್ಲಿಷ್ ನಾಟಕ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೊಂದು ಲೇಖನವನ್ನು ಬರೆದುಕೊಡಬೇಕೆಂದು ಗುರುಗಳು ಅಪ್ಪಣೆ ಮಾಡಿದಾಗ ನನಗೆ ಒಟ್ಟಿಗೆ ಎರಡು ವಿಷಯಗಳು ಹೊಳೆದವು. ಒಂದು, ಈ ವರ್ಷ ನಾನು ಕೊಳ್ಳಬೇಕಾಗಿ ಬಂದ ಸ್ಮಾರ್ಟ್‌ಫೋನು; ಇನ್ನೊಂದು, ಐಚ್ಛಿಕ ಇಂಗ್ಲಿಷ್ ತರಗತಿಯ ನಿಮಿತ್ತ ನಾನು ಓದಿದ ಹಳೆಯ ನಾಟಕಗಳು. ಇವೆರಡಕ್ಕೂ ಎಲ್ಲಿಯ ಸಂಬಂಧವೆಂದು ಓದುಗರು ಕೇಳಬಹುದು. ಮೊದಲು ನನಗೂ ಯಾವ ಸಂಬಂಧವೂ ಕಾಣಲಿಲ್ಲ. ನಮ್ಮ ತಂದೆಯವರು ಕೇಳಿದ ಒಂದು ಸಣ್ಣ ಪ್ರಶ್ನೆಯಿಂದ ಅವೆರಡೂ ನನ್ನ ಮನಸ್ಸಿನಲ್ಲಿ ಒಂದೆಡೆಗೆ ಬಂದವು.

ನಮ್ಮದು ಒಕ್ಕಲುತನದ ಮನೆ. ಸ್ವಲ್ಪ ಹೊಲ, ಎರಡು ಹಸು, ಡೈರಿಗೆ ಹಾಕುವ ಹಾಲು, ಇಷ್ಟರಿಂದ ಸಂಸಾರ ನಡೆಯುತ್ತದೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಅಣ್ಣ ಬಳಸಿ ಬಿಟ್ಟ ಹಳೆಯ ಫೋನೊಂದು ಎರಡು ವರ್ಷಗಳಿಂದ ನನ್ನ ಬಳಿ ಇತ್ತು. ಈ ವರ್ಷ ವಿದ್ಯಾರ್ಥಿವೇತನದ ಹಣ ಬಂದಿದೆಯೇ ಎಂದು ನೋಡಲು ಹೋದರೆ, ಈ ಫೋನು ತುಂಬ ಹಳೆಯದು, ಇದರಲ್ಲಿ ನಾನು ನಡೆಯಲಾರೆ ಎಂದು ಬ್ಯಾಂಕಿನ ಆ್ಯಪು ಹಟ ಹಿಡಿಯಿತು. ಫೋನು ಒಡೆದಿರಲಿಲ್ಲ, ನೀರಿಗೆ ಬಿದ್ದಿರಲಿಲ್ಲ. ಆದರೂ ಅದರ ಆಯುಷ್ಯ ಮುಗಿದಿತ್ತು. ಅವ್ವ ಹಾಲಿನ ಹಣದಲ್ಲಿ ಕೂಡಿಟ್ಟಿದ್ದ 14,000 ರೂಪಾಯಿಗಳನ್ನು ತಂದು ನನ್ನ ಕೈಗಿತ್ತರು. ಅಪ್ಪ ಜಗುಲಿಯ ಮೇಲೆ ಗುದ್ದಲಿಗೆ ಹೊಸ ಕಾವು ಕೂರಿಸುತ್ತಿದ್ದವರು ತಲೆಯೆತ್ತಿ, “ಎಷ್ಟು ವರ್ಸ ಬಾಳ್ಕೆ ಬತ್ತದವ್ವ ಇದು?” ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗಲೇ, “ಕಾವು ಮುರುದ್ರೆ ಬೇರೆ ಹಾಕ್ಕೊಬೋದಾ?” ಎಂದು ಇನ್ನೊಂದು ಪ್ರಶ್ನೆ ಹಾಕಿದರು. ಆ ಗುದ್ದಲಿಯ ಕಬ್ಬಿಣ ನಮ್ಮ ತಾತನ ಕಾಲದ್ದು. ಅದಕ್ಕೆ ಎಷ್ಟು ಕಾವುಗಳು ಬಂದು ಹೋದವೋ ಲೆಕ್ಕವಿಲ್ಲ.

ಮರುದಿನ ಕಾಲೇಜಿನಲ್ಲಿ ಗೆಳತಿಯರನ್ನು ವಿಚಾರಿಸಿದೆ. ವಿಚಾರಿಸಿದ್ದೇ ತಪ್ಪಾಯಿತು. ಐಫೋನ್ ಪಕ್ಷ, ಸ್ಯಾಮ್‌ಸಂಗ್ ಪಕ್ಷ ಎಂದು ತರಗತಿಯೇ ಎರಡಾಯಿತು. 2023ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 15 ಹೆಚ್ಚೋ, 2024ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್24 ಹೆಚ್ಚೋ ಎಂದು ಒಂದು ವಾರ ಚರ್ಚೆ ನಡೆಯಿತು. ಎರಡರ ಬೆಲೆಯೂ ಬಿಡುಗಡೆಯಾದಾಗ 80,000 ರೂಪಾಯಿಗಳ ಆಸುಪಾಸು. ಚರ್ಚೆ ಮಾಡಿದ ಹನ್ನೆರಡು ಜನರಲ್ಲಿ ಒಬ್ಬರ ಬಳಿಯೂ ಆ ಎರಡು ಫೋನುಗಳಲ್ಲಿ ಯಾವುದೊಂದೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಈ ಪೈಪೋಟಿಯ ಚರಿತ್ರೆ ಬಹಳ ಹಳೆಯದಲ್ಲ. ಆ್ಯಪಲ್ ಕಂಪನಿಯ ಮೊದಲನೆಯ ಐಫೋನು 2007ರ ಜನವರಿಯಲ್ಲಿ ಪ್ರಕಟವಾಗಿ ಜೂನ್ 29ರಂದು ಮಾರಾಟಕ್ಕೆ ಬಂತು. ಅದರ ಪರದೆ ಮೂರೂವರೆ ಅಂಗುಲ, ಕ್ಯಾಮೆರಾ 2 ಮೆಗಾಪಿಕ್ಸೆಲ್. ಮರುವರ್ಷ, ಅಂದರೆ 2008ರಲ್ಲಿ, ಆಂಡ್ರಾಯ್ಡ್ ವ್ಯವಸ್ಥೆಯ ಮೊದಲನೆಯ ಫೋನು ಎಚ್‌ಟಿಸಿ ಕಂಪನಿಯಿಂದ ಬಂತು. 2010ರಲ್ಲಿ ಸ್ಯಾಮ್‌ಸಂಗಿನ ಗ್ಯಾಲಕ್ಸಿ ಎಸ್ ಹೊರಟಿತು. ಅಂದಿನಿಂದ ವರ್ಷಕ್ಕೊಂದರಂತೆ ಹೊಸ ಪೀಳಿಗೆ ಹುಟ್ಟುತ್ತಲೇ ಇದೆ. ಮೇಲೆ ಹೇಳಿದ ಎರಡು ಫೋನುಗಳನ್ನು ಹಿಂದಕ್ಕೆ ತಳ್ಳಿ 2024ರ ಸೆಪ್ಟೆಂಬರಿನಲ್ಲಿ ಐಫೋನ್ 16, 2025ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್25 ಬಂದವು. ಈ ಓಟದಲ್ಲಿ ದೊಡ್ಡ ದೊಡ್ಡವರೇ ಎಡವಿದ್ದಾರೆ. ಒಂದು ಕಾಲಕ್ಕೆ ಲೋಕದ ಕೈಯಲ್ಲೆಲ್ಲ ಇದ್ದ ನೋಕಿಯಾ ತನ್ನ ಫೋನಿನ ವ್ಯವಹಾರವನ್ನೇ 2014ರಲ್ಲಿ ಮೈಕ್ರೋಸಾಫ್ಟಿಗೆ ಒಪ್ಪಿಸಿತು. ದೊಡ್ಡ ಅಧಿಕಾರಿಗಳ ಕೈಯಲ್ಲಿ ಮೆರೆದ ಬ್ಲ್ಯಾಕ್‌ಬೆರಿಯ ಹಳೆಯ ವ್ಯವಸ್ಥೆಗೆ 2022ರ ಜನವರಿ 4ರಂದು ಸೇವೆ ನಿಂತಿತು.

ಎರಡು ಫೋನುಗಳನ್ನು ಹೋಲಿಸುವುದು ಹೇಗೆ? ಅಂಗಡಿಯವರು ಅಂಕಿಗಳನ್ನು ಮುಂದಿಡುತ್ತಾರೆ. ಕ್ಯಾಮೆರಾ ಐಫೋನ್ 15ರಲ್ಲಿ 48 ಮೆಗಾಪಿಕ್ಸೆಲ್, ಎಸ್24ರಲ್ಲಿ 50. ಪರದೆಯು ಮೊದಲನೆಯದರಲ್ಲಿ ಕ್ಷಣಕ್ಕೆ 60 ಸಲ, ಎರಡನೆಯದರಲ್ಲಿ 120 ಸಲದವರೆಗೆ ಹೊಸದಾಗುತ್ತದೆ. ಆದರೆ ಅಂಕಿ ಹೆಚ್ಚಾದ ಮಾತ್ರಕ್ಕೆ ವಸ್ತು ಮೇಲಾಗುವುದಿಲ್ಲ. ಮೆಗಾಪಿಕ್ಸೆಲ್ ಎಂಬುದು ಚಿತ್ರದಲ್ಲಿ ಎಷ್ಟು ಚುಕ್ಕೆಗಳಿವೆ ಎಂಬ ಲೆಕ್ಕ. ಮಬ್ಬು ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರಬೇಕಾದರೆ ಬೆಳಕನ್ನು ಹಿಡಿಯುವ ಸಂವೇದಕದ ಅಗಲವೂ ಮಸೂರದ ಗುಣವೂ ಮುಖ್ಯ. ಮಳೆನೀರು ಹಿಡಿಯಲು ಹತ್ತು ಲೋಟಗಳಿಗಿಂತ ಒಂದು ಅಗಲವಾದ ಕೊಳಗವೇ ಮೇಲಾದಂತೆ ಇದು. ಹಲವು ಫೋನುಗಳು ನಾಲ್ಕು ನಾಲ್ಕು ಚುಕ್ಕೆಗಳನ್ನು ಒಂದಾಗಿ ಕೂಡಿಸಿಕೊಂಡೇ ಚಿತ್ರ ತೆಗೆಯುವುದು ಇದೇ ಕಾರಣದಿಂದ.

ಬಾಳಿಕೆಯನ್ನು ನಿರ್ಣಯಿಸುವುವು ಬೇರೆ ಎರಡು ಸಂಗತಿಗಳು. ಅವೇ ನಮ್ಮ ತಂದೆಯವರ ಎರಡು ಪ್ರಶ್ನೆಗಳು. ಫೋನಿನೊಳಗಿನ ವ್ಯವಸ್ಥೆಗೆ ಎಷ್ಟು ವರ್ಷಗಳವರೆಗೆ ಹೊಸ ಆವೃತ್ತಿ ಮತ್ತು ರಕ್ಷಣೆಯ ತಿದ್ದುಪಡಿ ಸಿಗುತ್ತದೆ ಎಂಬುದು ಮೊದಲನೆಯದು. ಅದು ನಿಂತರೆ, ನನ್ನ ಹಳೆಯ ಫೋನಿಗಾದಂತೆ, ಮೈ ಗಟ್ಟಿಯಿದ್ದರೂ ಜೀವ ಹೋಗುತ್ತದೆ. ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ 2023ರಲ್ಲಿಯೂ, ಸ್ಯಾಮ್‌ಸಂಗ್ ಎಸ್24ಕ್ಕೆ 2024ರಲ್ಲಿಯೂ ಏಳು ವರ್ಷಗಳ ಭರವಸೆ ಕೊಟ್ಟವು. 2015ರಲ್ಲಿ ಬಂದ ಐಫೋನ್ 6ಎಸ್‌ಗೆ 2021ರ ಐಒಎಸ್ 15 ಕೂಡ ದೊರೆತಿತ್ತು. ಕಡಮೆ ಬೆಲೆಯ ಫೋನುಗಳಲ್ಲಿ ಈ ಅವಧಿ ಸಾಮಾನ್ಯವಾಗಿ ಕಡಮೆಯೇ. ಬ್ಯಾಟರಿಯನ್ನು ಬದಲಿಸಬಹುದೇ ಎಂಬುದು ಎರಡನೆಯದು. ಲಿಥಿಯಂ ಬ್ಯಾಟರಿ ತುಂಬಿ ಬರಿದಾದಂತೆಲ್ಲ ಸವೆಯುತ್ತದೆ. ಐಫೋನ್ 15ರ ಬ್ಯಾಟರಿಯು 1,000 ಸಲ ಪೂರ್ತಿ ತುಂಬಿಸಿದ ಮೇಲೂ ಮೊದಲಿನ ಶಕ್ತಿಯಲ್ಲಿ ಶೇಕಡಾ 80 ಭಾಗ ಉಳಿಸಿಕೊಳ್ಳುವಂತೆ ರಚಿತವಾಗಿದೆಯೆಂದು ಆ್ಯಪಲ್ ಹೇಳುತ್ತದೆ. ದಿನಕ್ಕೊಂದು ಸಲವೆಂದರೆ ಸುಮಾರು ಮೂರು ವರ್ಷ. ಆಮೇಲೆ ಅದನ್ನು ಬದಲಿಸೋಣವೆಂದರೆ ಅಂಟು ಹಾಕಿ ಮುಚ್ಚಿದ ಫೋನನ್ನು ಮನೆಯಲ್ಲಿ ಬಿಚ್ಚುವಂತಿಲ್ಲ. ಬಳಸುವವರೇ ಬ್ಯಾಟರಿ ಬದಲಿಸುವಂತಿರಬೇಕೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಟ್ಟಳೆ ಮಾಡಿ, 2027ರ ಫೆಬ್ರವರಿಯನ್ನು ಗಡುವಾಗಿ ಇಟ್ಟಿತು. ಅದಕ್ಕೆ ಕೆಲವು ವಿನಾಯಿತಿಗಳೂ ಉಂಟು. ಓದುಬರಹ ಬಾರದ ಒಬ್ಬ ರೈತ ಜಗುಲಿಯ ಮೇಲೆ ಕುಳಿತು ಕೇಳಿದ್ದೂ ಇದನ್ನೇ ಅಲ್ಲವೇ?

ಈ ಲೆಕ್ಕಾಚಾರದಲ್ಲಿ ನಾನು ಮುಳುಗಿದ್ದಾಗಲೇ ಪರೀಕ್ಷೆ ಹತ್ತಿರವಾಯಿತು. ಫೋನುಗಳನ್ನು ಬದಿಗಿಟ್ಟು ನಾಟಕಗಳಿಗೆ ಕುಳಿತೆ. ಆಗ ತಂದೆಯವರ ಪ್ರಶ್ನೆ ಇಲ್ಲಿಯೂ ಎದುರಾಯಿತು. ಷೇಕ್ಸ್‌ಪಿಯರನು ಮ್ಯಾಕ್‌ಬೆತ್ ನಾಟಕವನ್ನು ಬರೆದದ್ದು ಸುಮಾರು 1606ರಲ್ಲಿ. ಗೋಲ್ಡ್‌ಸ್ಮಿತ್‌ನ ‘ಶೀ ಸ್ಟೂಪ್ಸ್ ಟು ಕಾಂಕರ್’ ರಂಗಕ್ಕೆ ಬಂದದ್ದು 1773ರಲ್ಲಿ. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ಲಂಡನ್ನಿನಲ್ಲಿ ಆಡಲ್ಪಟ್ಟದ್ದು 1914ರಲ್ಲಿ. ಇಂಗ್ಲಿಷ್ ನಾಟಕವೆನ್ನುತ್ತೇವೆ, ಆದರೆ ಗೋಲ್ಡ್‌ಸ್ಮಿತ್, ಷೆರಿಡನ್, ಆಸ್ಕರ್ ವೈಲ್ಡ್, ಷಾ ಈ ನಾಲ್ವರೂ ಐರ್ಲೆಂಡಿನಲ್ಲಿ ಹುಟ್ಟಿದವರು. ಒಂದು ಫೋನು ಏಳು ವರ್ಷ ಬಾಳಿದರೆ ಹೆಚ್ಚು ಎನ್ನುವ ಈ ದಿನಗಳಲ್ಲಿ ನಾನೂರು ವರ್ಷಗಳ ಹಿಂದಿನ ಮಾತು ಇನ್ನೂ ನಡೆಯುತ್ತಿರುವುದು ಹೇಗೆ?

ದೊಡ್ಡ ಕವಿಗಳು ಬರೆದರು, ಆದುದರಿಂದ ಬಾಳಿತು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಅದು ಉತ್ತರವಾಗಲಾರದು. ನಾಟಕಗಳಿಗೂ ತಿದ್ದುಪಡಿಗಳು ಬಂದಿವೆ. ‘ಕಿಂಗ್ ಲಿಯರ್’ ಇದಕ್ಕೆ ಒಳ್ಳೆಯ ಉದಾಹರಣೆ. ಮಗಳು ಕಾರ್ಡೀಲಿಯ ಸಾಯುವುದು ಅಂದಿನ ಪ್ರೇಕ್ಷಕರ ರುಚಿಗೆ ಒಗ್ಗಲಿಲ್ಲ. 1681ರಲ್ಲಿ ನೇಹಮ್ ಟೇಟ್ ಎಂಬಾತ ಆ ನಾಟಕವನ್ನು ತಿದ್ದಿ, ಮಗಳನ್ನು ಬದುಕಿಸಿ, ಮದುವೆಗೂ ಸಿದ್ಧಮಾಡಿ, ಮುದುಕ ರಾಜನಿಗೆ ರಾಜ್ಯವನ್ನು ಮರಳಿ ಕೊಡಿಸಿದನು. ಸುಮಾರು ನೂರೈವತ್ತು ವರ್ಷಗಳ ಕಾಲ ಇಂಗ್ಲೆಂಡಿನ ರಂಗದ ಮೇಲೆ ಮೆರೆದದ್ದು ಈ ಹೊಸ ಆವೃತ್ತಿಯೇ. ಕೊನೆಗೆ 1838ರಲ್ಲಿ ಮ್ಯಾಕ್ರೆಡಿ ಎಂಬ ನಟನು ಟೇಟನ ಪಾಠವನ್ನು ಬದಿಗಿಟ್ಟು ಷೇಕ್ಸ್‌ಪಿಯರನ ಪಾಠಕ್ಕೆ ಮರಳಿದನು. ಫೋನಿನ ಲೋಕದಲ್ಲಿ ಹೊಸ ಆವೃತ್ತಿ ಬಂದಮೇಲೆ ಹಳೆಯದಕ್ಕೆ ಮರ್ಯಾದೆಯಿಲ್ಲ. ಇಲ್ಲಿ ಹೊಸದನ್ನು ನೂರೈವತ್ತು ವರ್ಷ ಪರೀಕ್ಷೆ ಮಾಡಿ, ಸಾಲದೆಂದು ಕಂಡು, ಹಳೆಯದನ್ನೇ ಮರಳಿ ತಂದರು. ನಿಜವಾದ ದುಃಖವನ್ನು ಸಿಹಿ ಹಚ್ಚಿ ಮರೆಮಾಡಿದರೆ ಜನ ಸ್ವಲ್ಪ ಕಾಲ ಸಂತೋಷಪಟ್ಟರೂ ಕೊನೆಗೆ ನಿಜವನ್ನೇ ಕೇಳುತ್ತಾರೆಂದು ಇದರಿಂದ ನನಗೆ ತೋರುತ್ತದೆ.

ಇನ್ನು ಕಾವು ಬದಲಿಸುವ ಮಾತು. ಮ್ಯಾಕ್‌ಬೆತ್ ನಾಟಕದ ಕಥೆ ಬಹಳ ಚಿಕ್ಕದು. ಸ್ಕಾಟ್ಲೆಂಡಿನ ಶೂರನೊಬ್ಬನಿಗೆ ಮೂವರು ಮಾಟಗಾತಿಯರು ನೀನು ರಾಜನಾಗುವೆ ಎನ್ನುತ್ತಾರೆ. ಹೆಂಡತಿಯೂ ಹುರಿದುಂಬಿಸುತ್ತಾಳೆ. ಮನೆಗೆ ಅತಿಥಿಯಾಗಿ ಬಂದ ದೊರೆಯನ್ನು ಅವನು ರಾತ್ರಿ ಕೊಲ್ಲುತ್ತಾನೆ. ಅಲ್ಲಿಂದ ಒಂದು ಕೊಲೆಯನ್ನು ಮುಚ್ಚಲು ಮತ್ತೊಂದು ಕೊಲೆ. ಈ ಕಬ್ಬಿಣಕ್ಕೆ ನಮ್ಮವರು ಹಾಕಿದ ಕಾವುಗಳು ಒಂದೆರಡಲ್ಲ. 1895ರಲ್ಲಿಯೇ ಎಂ. ಎಲ್. ಶ್ರೀಕಂಠೇಶಗೌಡರು ಇದನ್ನು ‘ಪ್ರತಾಪರುದ್ರದೇವ’ ಎಂದು ಕನ್ನಡಕ್ಕೆ ತಂದರು. ಡಿ.ವಿ.ಜಿ.ಯವರು ಅನುವಾದಿಸಿದರು. ಎಚ್. ಎಸ್. ಶಿವಪ್ರಕಾಶರು ಇದರ ಆಧಾರದ ಮೇಲೆ ‘ಮಾರನಾಯಕನ ದೃಷ್ಟಾಂತ’ ಬರೆದರು. ಆ ನಾಟಕವನ್ನು ಹುಲುಗಪ್ಪ ಕಟ್ಟೀಮನಿಯವರ ನಿರ್ದೇಶನದಲ್ಲಿ ಮೈಸೂರಿನ ಕಾರಾಗೃಹದ ಕೈದಿಗಳು ಆಡಿದರು. ಜೀವಾವಧಿ ಶಿಕ್ಷೆಗೆ ಒಳಗಾದವರೂ ಅವರಲ್ಲಿದ್ದರು. ಜಪಾನಿನಲ್ಲಿ ಕುರೊಸಾವಾ 1957ರಲ್ಲಿ ಇದೇ ಕಥೆಯನ್ನು ಚಲನಚಿತ್ರ ಮಾಡಿದರೆ, ಹಿಂದಿಯಲ್ಲಿ ಇದು 2003ರಲ್ಲಿ ‘ಮಕ್ಬೂಲ್’ ಆಯಿತು. ಹ್ಯಾಮ್ಲೆಟ್ ನಾಟಕ ಕುವೆಂಪು ಅವರ ಕೈಯಲ್ಲಿ ಬಿದನೂರಿನ ಕಥೆಯಾಗಿ ‘ರಕ್ತಾಕ್ಷಿ’ಯಾದುದನ್ನು ಕನ್ನಡದ ವಿದ್ಯಾರ್ಥಿಗಳಿಗೆ ಹೇಳಬೇಕಾದುದಿಲ್ಲ.

ಹೀಗೆ ಕಾವು ಬದಲಿಸಲು ಸಾಧ್ಯವಾದುದಕ್ಕೆ ಎರಡು ಕಾರಣಗಳು ನನಗೆ ಕಾಣುತ್ತವೆ. ಮೊದಲನೆಯದಾಗಿ, ಷೇಕ್ಸ್‌ಪಿಯರನ ರಂಗ ಬಹುಮಟ್ಟಿಗೆ ಬರಿದು. ಮನೆ ಹೇಗಿತ್ತು, ಮುಖ ಹೇಗಿತ್ತು ಎಂದು ಅವನು ಹೆಚ್ಚು ಬರೆದಿಡಲಿಲ್ಲ. ಆಡುವವರೂ ನೋಡುವವರೂ ತಮ್ಮ ಊರಿನ ಮನೆಯನ್ನು, ತಮಗೆ ಗೊತ್ತಿರುವ ಮುಖವನ್ನು ಅಲ್ಲಿ ಇಡಬಹುದು. ಎರಡನೆಯದಾಗಿ, ಈ ನಾಟಕಗಳಿಗೆ ಈಗ ಒಡೆಯರಿಲ್ಲ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ನಂತರ 60 ವರ್ಷಗಳಿಗೆ ಹಕ್ಕು ಮುಗಿಯುತ್ತದೆ. 1950ರಲ್ಲಿ ತೀರಿಕೊಂಡ ಷಾ ಅವರ ನಾಟಕಗಳೂ 2010ರ ಕೊನೆಗೆ ಎಲ್ಲರ ಸೊತ್ತಾದವು. ಯಾರು ಬೇಕಾದರೂ ಬಿಚ್ಚಬಹುದು, ಜೋಡಿಸಬಹುದು. ಫೋನಿನ ವಿಷಯದಲ್ಲಿ ಹಾಗಲ್ಲ. ಹಣ ಕೊಟ್ಟು ಕೊಂಡಮೇಲೂ ಅದರ ಬೀಗದ ಕೈ ಕಂಪನಿಯ ಬಳಿಯೇ ಇರುತ್ತದೆ.

ಒಂದು ರಾತ್ರಿ ನಾನು ಈ ಕಥೆಯನ್ನು ಅವ್ವನಿಗೆ ಹೇಳಿದೆ. ಅವರು ಹುರುಳಿ ಆರಿಸುತ್ತಾ ಕೇಳುತ್ತಿದ್ದರು. ರಾಣಿ ನಿದ್ದೆಯಲ್ಲಿ ಎದ್ದು ನಡೆಯುತ್ತಾ ಕೈಯಲ್ಲಿಲ್ಲದ ರಕ್ತವನ್ನು ತಿಕ್ಕಿ ತೊಳೆಯುವ ಭಾಗ ಬಂದಾಗ ಅವರ ಕೈ ನಿಂತಿತು. “ಅವ್ಳಿಗೆ ಮಕ್ಕಳಿರ್ನಿಲ್ವೇನವ್ವ?” ಎಂದರು. ನಾನು ಬೆರಗಾದೆ. ತಾನು ಮಗುವಿಗೆ ಹಾಲೂಡಿಸಿದವಳೆಂದು ಆಕೆ ನಾಟಕದಲ್ಲಿ ಒಂದೆಡೆ ಹೇಳಿಕೊಳ್ಳುತ್ತಾಳೆ. ಆದರೆ ಆ ಮಗು ಎಲ್ಲಿಯೂ ಕಾಣಿಸುವುದಿಲ್ಲ. ಇದು ವಿದ್ವಾಂಸರನ್ನು ಬಹುಕಾಲ ಕಾಡಿದ ಪ್ರಶ್ನೆ. ಪಾತ್ರಗಳನ್ನು ನಿಜವಾದ ಮನುಷ್ಯರೆಂದು ಭಾವಿಸಿ ಇಂತಹ ಪ್ರಶ್ನೆ ಕೇಳುವುದು ಸರಿಯಲ್ಲವೆಂದು ವಾದಿಸುತ್ತಾ ಎಲ್. ಸಿ. ನೈಟ್ಸ್ ಎಂಬ ವಿಮರ್ಶಕರು 1933ರಲ್ಲಿ ಬರೆದ ಪ್ರಬಂಧದ ಹೆಸರೇ ‘ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳು?’ ಎಂಬರ್ಥದ್ದು. ನೈಟ್ಸ್ ಅವರ ವಾದ ವಿದ್ವತ್ತಿನ ದೃಷ್ಟಿಯಿಂದ ಸರಿಯಿರಬಹುದು. ಆದರೆ ಶಾಲೆಯ ಮುಖ ಕಾಣದ ನಮ್ಮ ತಾಯಿಯವರು, ಹೆಸರನ್ನೂ ಉಚ್ಚರಿಸಲು ಬಾರದ ದೂರದ ದೇಶದ ರಾಣಿಯೊಬ್ಬಳ ಮಗುವಿಗಾಗಿ ಹುರುಳಿ ಆರಿಸುವುದನ್ನು ನಿಲ್ಲಿಸಿದ್ದೂ ಸುಳ್ಳಲ್ಲ. ಬಾಳಿಕೆಯೆಂದರೆ ಇದೇ ಎಂದು ಅಂದು ನನಗನ್ನಿಸಿತು.

ಈ ನಾಟಕಗಳು ರಾಜರಾಣಿಯರ ವಿಷಯ ಮಾತ್ರವೆಂದು ಯಾರೂ ತಿಳಿಯಬಾರದು. ಕಳೆದ ವರ್ಷ ನಾನು ನಗರದ ಕಾಲೇಜೊಂದಕ್ಕೆ ಚರ್ಚಾಸ್ಪರ್ಧೆಗೆ ಹೋಗಿದ್ದೆ. ಊಟದ ಸಮಯದಲ್ಲಿ ಎಲ್ಲರೂ ಫೋನುಗಳನ್ನು ಮೇಜಿನ ಮೇಲಿಟ್ಟರು. ಒಬ್ಬಳು ವಿದ್ಯಾರ್ಥಿನಿ ನನ್ನೊಡನೆ ಬಹಳ ವಿಶ್ವಾಸದಿಂದ ಮಾತನಾಡುತ್ತಿದ್ದಳು. ಬಿರುಕು ಬಿಟ್ಟ ನನ್ನ ಫೋನು ಹೊರಗೆ ಬಂದಮೇಲೆ ಅವಳ ಮಾತು ಕಡಮೆಯಾಯಿತು. ನಾನದನ್ನು ಚೀಲದೊಳಗೆ ಹಾಕಿಕೊಂಡೆ. ಗೋಲ್ಡ್‌ಸ್ಮಿತ್‌ನ ನಾಟಕದ ತರುಣ ಮಾರ್ಲೊ ಇಂಥವನೇ. ದೊಡ್ಡಮನೆಯ ಹೆಣ್ಣೆಂದರೆ ತಲೆಯೆತ್ತಲೂ ನಾಚುತ್ತಾನೆ. ಕೆಲಸದವಳೆಂದು ತಿಳಿದರೆ ಸಲಿಗೆಯಿಂದ ಮೈಮೇಲೆ ಬೀಳುತ್ತಾನೆ. ಇಬ್ಬರೂ ಒಬ್ಬಳೇ ಕೇಟ್ ಎಂಬುದು ಅವನಿಗೆ ಗೊತ್ತಿಲ್ಲ. ಬದಲಾದದ್ದು ಉಡುಪು ಮಾತ್ರ. ತರಗತಿಯಲ್ಲಿ ಇದನ್ನು ಓದಿದಾಗ ಎಲ್ಲರೊಡನೆ ನಾನೂ ನಕ್ಕೆ. ನಕ್ಕ ಮೇಲೆ ಆ ಊಟದ ಮೇಜಿನ ನೋವು ಅರ್ಧಕ್ಕರ್ಧ ಇಳಿಯಿತು. ನಾನೂ ಆ ದಿನ, ಅತ್ಯಂತ ದುಬಾರಿ ಫೋನಿನವಳ ಬಳಿಯಲ್ಲೇ ಕುಳಿತುಕೊಳ್ಳಲು ಹವಣಿಸಿದ್ದೆನೆಂಬುದು ಆಮೇಲೆ ನೆನಪಾಯಿತು.

ಷಾ ಅವರ ‘ಪಿಗ್ಮೇಲಿಯನ್’ ಅಷ್ಟು ಸುಲಭವಾಗಿ ನಗಿಸಲಿಲ್ಲ. ಬೀದಿಯಲ್ಲಿ ಹೂ ಮಾರುವ ಎಲೈಜಾ ಎಂಬ ಹುಡುಗಿಗೆ ಹಿಗಿನ್ಸ್ ಎಂಬ ಧ್ವನಿಶಾಸ್ತ್ರಜ್ಞನು ಪಂಥ ಕಟ್ಟಿ ಶ್ರೀಮಂತರ ಇಂಗ್ಲಿಷನ್ನು ಕಲಿಸುತ್ತಾನೆ. ಅವಳು ಕಲಿಯುತ್ತಾಳೆ, ಪಂಥವೂ ಗೆಲ್ಲುತ್ತದೆ. ಗೆದ್ದ ರಾತ್ರಿ ಅವಳ ಚಿಂತೆ ಒಂದೇ: ಇನ್ನು ನನ್ನ ಗತಿಯೇನು? ಅವಳು ಹೂವಿನ ಬುಟ್ಟಿಗೂ ಹಿಂದಿರುಗಲಾರಳು, ದೊಡ್ಡವರಲ್ಲೂ ಒಬ್ಬಳಾಗಲಾರಳು. ಮನೆಯಲ್ಲಿ ‘ಬತ್ತದೆ’ ಎಂದು, ಕಾಲೇಜಿನಲ್ಲಿ ‘ಬರುತ್ತದೆ’ ಎಂದು, ಸಂದರ್ಶನದ ಕೋಣೆಯಲ್ಲಿ ತಡವರಿಸುವ ಇಂಗ್ಲಿಷಿನಲ್ಲಿ ಮಾತನಾಡುವ ನನ್ನಂತಹವರಿಗೆ ಈ ಪ್ರಶ್ನೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಲೈಜಾ ಹಿಗಿನ್ಸನನ್ನೇ ಮದುವೆಯಾಗುವಂತೆ ಕಥೆಯನ್ನು ಸಿಹಿಮಾಡಲು ರಂಗದವರು ಹವಣಿಸಿದರು; ಷಾ ಒಪ್ಪದೆ, ಅವಳು ಹಾಗೆ ಮಾಡಲಿಲ್ಲವೆಂದು ನಾಟಕದ ಹಿಂದೆ ವಿವರಣೆಯನ್ನೇ ಬರೆದು ಸೇರಿಸಿದರು. ಕಲಿತದ್ದು ತನ್ನದೇ, ಕಲಿಸಿದವನ ಆಸ್ತಿಯಲ್ಲ ಎಂದು ಅವಳು ಎದುರು ನಿಲ್ಲುವ ಕೊನೆಯ ಭಾಗವನ್ನು ನಾನು ಮೂರು ಸಲ ಓದಿದೆ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾನು ವಾದಿಸುವುದಿಲ್ಲ. ಷೇಕ್ಸ್‌ಪಿಯರನ ಕಾಲದ ಎಷ್ಟೋ ನಾಟಕಗಳು ಹೇಳಹೆಸರಿಲ್ಲದಂತೆ ಹೋಗಿವೆ. ನಾವು ಓದುತ್ತಿರುವುದು ಜರಡಿಯಲ್ಲಿ ಉಳಿದ ಕಾಳನ್ನು. ಮ್ಯಾಕ್‌ಬೆತ್ ಕೂಡ, ಕವಿ ತೀರಿಕೊಂಡ ಏಳು ವರ್ಷಗಳ ಮೇಲೆ, 1623ರಲ್ಲಿ ಆತನ ಸಹನಟರಿಬ್ಬರು ಕೂಡಿಸಿದ ಸಂಪುಟದಲ್ಲಿ ಮೊದಲ ಸಲ ಅಚ್ಚಾಯಿತು. ಇದಲ್ಲದೆ ಆ ಹಳೆಯ ಇಂಗ್ಲಿಷು ಕಬ್ಬಿಣದ ಕಡಲೆಯೇ ಸರಿ. ಗುರುಗಳ ಸಹಾಯವಿಲ್ಲದಿದ್ದರೆ ಮೊದಲ ಪುಟದಲ್ಲಿಯೇ ನಾನು ಪುಸ್ತಕ ಮುಚ್ಚುತ್ತಿದ್ದೆ. ಫೋನನ್ನು ಹಳಿಯುವುದೂ ಕೃತಘ್ನತೆಯಾದೀತು. ನಮ್ಮ ಗ್ರಂಥಾಲಯದ ಒಂದೇ ಪ್ರತಿಗೆ ಸರದಿ ಕಾಯಬೇಕಾಗಿದ್ದಾಗ, ಹಕ್ಕು ಮುಗಿದ ಈ ನಾಟಕಗಳನ್ನು ಬಿಡಿಗಾಸಿಲ್ಲದೆ ನನಗೆ ಓದಿಸಿದ್ದು ಅದೇ ಬಿರುಕು ಬಿಟ್ಟ ಫೋನು.

ಕೊನೆಗೆ ನಾನು ಯಾವ ಫೋನು ಕೊಂಡೆನೆಂದು ಓದುಗರು ಕೇಳಬಹುದು. ಅಂಗಡಿಯಲ್ಲಿ ಕ್ಯಾಮೆರಾದ ಮಾತು ಬಂದಾಗ, ತಿದ್ದುಪಡಿ ಎಷ್ಟು ವರ್ಷ, ಬ್ಯಾಟರಿ ಬದಲಿಸಲು ನಮ್ಮ ತಾಲ್ಲೂಕಿನಲ್ಲೇ ಆಗುತ್ತದೆಯೇ ಎಂಬ ಎರಡನ್ನೇ ಕೇಳಿದೆ. ಅವ್ವನ ಹಣದಲ್ಲಿ 1,200 ರೂಪಾಯಿ ಮಿಕ್ಕಿತು. ಮನೆಗೆ ಬಂದು, “ಐದು ವರ್ಷ ಬರಬಹುದಪ್ಪ, ಬ್ಯಾಟರೀನೂ ಬದಲಾಯಿಸಬಹುದು” ಎಂದೆ. ಅಪ್ಪ ಫೋನನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, “ಅಷ್ಟೇಯಾ?” ಎಂದು ಹಿಂದಕ್ಕೆ ಕೊಟ್ಟರು.

ಅಪ್ಪನ ಗುದ್ದಲಿಯೊಡನೆ ಸರಿಸಮನಾಗಿ ನಿಲ್ಲಬಲ್ಲ ವಸ್ತು ನನ್ನ ಬಳಿಯೂ ಒಂದಿದೆಯೆಂದು ಅವರಿಗೆ ಹೇಳಬೇಕೆನ್ನಿಸಿತು. ಅದಕ್ಕಾಗಿ ಈಗ ಅವರಿಗೆ ಲಿಯರ್ ದೊರೆಯ ಕಥೆಯನ್ನು ದಿನಕ್ಕಿಷ್ಟರಂತೆ ಹೇಳುತ್ತಿದ್ದೇನೆ. ರಾಜ್ಯವನ್ನು ಹೆಣ್ಣುಮಕ್ಕಳಿಗೆ ಹಂಚುವಲ್ಲಿಗೆ ಬಂದಿದೆ. ಹೊಲವನ್ನು ಬದುಕಿರುವಾಗಲೇ ಪೂರ್ತಿ ಬರೆದುಕೊಡಬಾರದಾಗಿತ್ತೆಂದು ಅಪ್ಪ ಈಗಾಗಲೇ ತೀರ್ಪು ಕೊಟ್ಟಿದ್ದಾರೆ. ಮುಂದಿನ ಕಥೆಯನ್ನು ಟೇಟನಂತೆ ತಿದ್ದದೆ, ಇದ್ದದ್ದನ್ನು ಇದ್ದಂತೆಯೇ ಹೇಳಬೇಕೆಂದು ನಾನು ನಿಶ್ಚಯಿಸಿದ್ದೇನೆ.